ಕೆಂಪು ದಂಟಿನ ಸೊಪ್ಪು ಜಿಎಂ ಅಲ್ಲ, ಬಣ್ಣಾನೂ ಹಾಕಿಲ್ಲ

ಹಾಸನದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದ್ ಮೆಸೇಜ್ ಓಡಾಡ್ತಿದೆ, ಕಟ್ಟಿನಕೆರೆ ಮಾರ್ಕೆಟ್ಟಿಗೆ ಬರೋ ಕಡುಕೆಂಪು ದಂಟು ಜಿಎಂ (ಲ್ಯಾಬಲ್ಲಿ ಜೀನ್ ಬದಲಾಯಿಸಿದ) ಬೀಜದ್ದು, ಅದಕ್ಕೆ ಬಣ್ಣಾನೂ ಹಾಕಿರ್ತಾರೆ, ಬೇಯಿಸಿದ್ರೆ ಬಣ್ಣ ಬಿಡುತ್ತೆ ಅಂತ. ಬಣ್ಣ ಬಿಡೋದು ನಿಜಾನೇ, ಮಿಕ್ಕಿದ್ದು ಸುಳ್ಳು. ಬೀಟ್‌ರೂಟಲ್ಲಿರೋ ಬೀಟಾಲೈನ್ ಜಾತಿಯ ಬಣ್ಣಾನೇ ದಂಟಲ್ಲೂ ಇರೋದು, ನೀರಿಗೆ ಬಿದ್ರೆ ಕರಗುತ್ತೆ, ನಮ್ಮಜ್ಜಿ ಬಸ್ಸಾರಿಗೆ ಬಸಿದ ಕಟ್ಟೂ ಹಂಗೇ ಕೆಂಪಗಿರ್ತಿತ್ತು ಆಗೇನು ಜಿಎಂ ಇತ್ತಾ?

ಇನ್ನು ಜಿಎಂ ವಿಷ್ಯ. ನಮ್ ದೇಶದಲ್ಲಿ ಪರ್ಮಿಷನ್ ಸಿಕ್ಕಿ ರೈತರು ಬೆಳೀತಿರೋ ಜಿಎಂ ಬೆಳೆ ಬಿಟಿ ಹತ್ತಿ ಒಂದೇ, 2002ರಿಂದ. ಹೆಸರಘಟ್ಟದ ಐಐಎಚ್‌ಆರ್ (ತೋಟಗಾರಿಕೆ ಸಂಶೋಧನಾ ಸಂಸ್ಥೆ) ಕೊಟ್ಟಿರೋ ಅರ್ಕಾ ಅರುಣಿಮಾ ಅನ್ನೋ ಕೆಂಪು ದಂಟು, ಅರ್ಕಾ ಸುಗುಣ ಅನ್ನೋ ಹಸಿರು ದಂಟು ಎರಡೂ ಒಳ್ಳೆ ಗಿಡ ಆರಿಸಿ, ಅದರ ಬೀಜ ಕಟ್ಟಿ ಮತ್ತೆ ಆರಿಸಿ ಮಾಡಿದ ತಳಿಗಳು, ಹಿತ್ತಲಲ್ಲಿ ನಮ್ಮ ಹೆಂಗಸ್ರು ಮಾಡ್ತಿದ್ದ ಕೆಲಸಾನೇ ಸ್ವಲ್ಪ ಲೆಕ್ಕ ಇಟ್ಟು ಮಾಡಿದ್ದಾರೆ ಅಷ್ಟೇ.

ಹಂಗಂತ ಇದ್ನ ತಿಂದ್ರೆ ವಾರದಲ್ಲಿ ರಕ್ತ ತುಂಬುತ್ತೆ ಅನ್ನೋ ಇನ್ನೊಂದ್ ಫಾರ್ವರ್ಡೂ ನಂಬಬೇಡಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತೋದೇ ಕಮ್ಮಿ. ನಿಂಬೆಹಣ್ಣು ಹಿಂಡ್ಕೊಂಡ್ರೆ ಪರವಾಗಿಲ್ಲ, ಊಟ ಆದ ತಕ್ಷಣ ಕಾಫಿ ಕುಡುದ್ರೆ ಅದೂ ಹೋಯ್ತು (ನಮ್ ಕಡೆ ಇದನ್ನ ಹೇಳೋದೇ ಕಷ್ಟ).