ಅಳತೆ ತಪ್ಪಿದರೆ ಪ್ರಿಂಟರ್ ಏನು ಮಾಡೀತು?

ಅಮ್ಮನ ಹೊಸ ಹಿಯರಿಂಗ್ ಏಡ್ ಸುಮ್ನೆ ಕೂತಿದ್ದಾಗ ಸರಿಯಾಗಿಯೇ ಇರುತ್ತಿತ್ತು. ಮಾತಾಡೋಕೆ ಬಾಯಿ ತೆರೆದರೆ ಸಾಕು, ಕುಯ್ ಅಂತ ಶಿಳ್ಳೆ. ಊಟಕ್ಕೆ ಕೂತಾಗಂತೂ ಕಿತ್ತು ಡಬ್ಬಿಗೆ ಹಾಕಿಬಿಡುತ್ತಿದ್ದಳು. ‘ನನ್ನ ಕಿವಿಗೇ ಅಂತ ಮಾಡಿದ್ದು ಅಂದ್ಯಲ್ಲೋ, ಮತ್ಯಾಕೆ ಹೀಗೆ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವೈದ್ಯಕೀಯದಲ್ಲಿ ತ್ರೀಡಿ ಪ್ರಿಂಟಿಂಗ್ ಅಂದರೆ ದೊಡ್ಡ ದೊಡ್ಡ ಸುದ್ದಿಗಳೇ ನೆನಪಾಗುತ್ತವೆ. 2012ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು, ಶ್ವಾಸನಾಳದ ಕವಲು ಕುಸಿದು ಉಸಿರು ನಿಲ್ಲುತ್ತಿದ್ದ ಒಂದು ಮಗುವಿಗೆ, ಅದರದೇ ಸಿಟಿ ಸ್ಕ್ಯಾನ್ ಇಟ್ಟುಕೊಂಡು ಪುಟ್ಟದೊಂದು ಆಸರೆ ಪ್ರಿಂಟ್ ಮಾಡಿ ಹಾಕಿದರು. ಕೆಲವು ವರ್ಷಗಳಲ್ಲಿ ಮೈಯೊಳಗೇ ಕರಗಿಹೋಗುವ ಪ್ಲಾಸ್ಟಿಕ್ ಅದು. ಓದಿದಾಗ ನನ್ನ ಕಣ್ಣು ತುಂಬಿತ್ತು. ಆದರೆ ಇದೇ ತಂತ್ರ ಸದ್ದಿಲ್ಲದೆ ಎಷ್ಟೋ ಜನರ ಕಿವಿಯೊಳಗೂ ಕೂತಿದೆ. ಕಿವಿಯ ಅಳತೆಗೆ ಮಾಡುವ ಹಿಯರಿಂಗ್ ಏಡ್‌ನ ಶೆಲ್‌ಗಳು, ಅಂದರೆ ಕಿವಿಯೊಳಗೆ ಕೂರುವ ಹೊರಕವಚಗಳು, ಈಗ ಬಹುತೇಕ ಪ್ರಿಂಟ್ ಆಗಿಯೇ ಬರುತ್ತವೆ.

ಎರಡನೇ ಸಲ ಅಳತೆ ಕೊಡೋಕೆ ಹೋದಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ದಾರ ಕಟ್ಟಿದ ಹತ್ತಿಯ ಉಂಡೆಯನ್ನು ಕಿವಿಯೊಳಗೆ ಇಟ್ಟರು, ಸಿರಿಂಜಿನಲ್ಲಿ ಸಿಲಿಕೋನ್ ತುಂಬಿದರು. ಅದು ಗಟ್ಟಿಯಾಗುವ ತನಕ ಬಾಯಿ ತೆರೆದೇ ಇರಿ ಅಂದರು. ದವಡೆ ಆಡಿದಾಗ ಕಿವಿಯ ನಾಳದ ಆಕಾರ ಬದಲಾಗುತ್ತದಂತೆ! ಮೊದಲ ಸಲ ಬಾಯಿ ಮುಚ್ಚಿಸಿಯೇ ಅಚ್ಚು ತೆಗೆದಿದ್ದರು. ಆ ಅಚ್ಚನ್ನು ಸ್ಕ್ಯಾನ್ ಮಾಡಿ, ಬೆಳಕಿಗೆ ಗಟ್ಟಿಯಾಗುವ ರೆಸಿನ್‌ನಲ್ಲಿ ಪದರ ಪದರವಾಗಿ ಶೆಲ್ ಮಾಡಿದ್ದರು. ಯಂತ್ರ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಅದಕ್ಕೆ ಕೊಟ್ಟ ಆಕಾರವೇ ಮಾತಾಡುವ ಅಮ್ಮನದಲ್ಲ, ಅಷ್ಟೆ. ಬಾಯಿ ತೆರೆದರೆ ಸಂದು, ಸಂದಿನಲ್ಲಿ ಸೋರಿದ ಸದ್ದು ತಿರುಗಿ ಮೈಕಿಗೆ, ಅದೇ ಶಿಳ್ಳೆ.

ಅದಕ್ಕೇ ನನಗೆ ಸಿಟ್ಟು ಬರೋದು, ಪ್ರಿಂಟ್ ಮಾಡಿದ್ದು ಅಂದಮೇಲೆ ಸರಿಯಾಗಿಯೇ ಇರುತ್ತದೆ ಅಂತ ಕೈಗಿಟ್ಟು ಕಳಿಸಿಬಿಟ್ಟರೆ. ಸ್ಕ್ಯಾನ್ ನೋಡಿ ಮೂಳೆಯ ಆಕಾರ ಪ್ರಿಂಟ್ ಮಾಡುವಾಗಲೂ ಇದೇ ಕತೆ. ಕಣ್ಣಗುಳಿಯ ತಳದ ಮೂಳೆ ಕಾಗದದಷ್ಟು ತೆಳು. ಸಿಟಿ ಸ್ಕ್ಯಾನಿನ ಸ್ಲೈಸ್, ಅಂದರೆ ಅದು ತೆಗೆಯುವ ಒಂದೊಂದು ಅಡ್ಡ ಪದರ, ದಪ್ಪವಾಗಿದ್ದರೆ ಕಂಪ್ಯೂಟರ್ ಮಾಡೆಲ್‌ನಲ್ಲಿ ಇಲ್ಲದ ತೂತು ಕಾಣಿಸುತ್ತದೆ. ಅದು ನಿಜವಾದ ತೂತಲ್ಲ ಅಂತ ಗೊತ್ತಿರುವವರು ಕೂತು ಕೈಯಾರೆ ತಿದ್ದಬೇಕು. ಯಂತ್ರಕ್ಕೆ ಸುರಿಯುವ ದುಡ್ಡಿನ ಒಂದು ಪಾಲು ಅಚ್ಚು ತೆಗೆಯುವ, ಸ್ಕ್ಯಾನ್ ತಿದ್ದುವ ಈ ಜನರ ತರಬೇತಿಗೂ ಹೋಗಬೇಕು ಅಲ್ವಾ? ಹಾಕಿಕೊಂಡ ಮೇಲೆ ನೋವೋ ಶಿಳ್ಳೆಯೋ ಇದ್ದರೆ ಹೊಂದಿಕೊಳ್ಳಿ ಅನ್ನಬಾರದು, ಅಳತೆಯನ್ನೇ ಮತ್ತೆ ತೆಗೆಯಬೇಕು. ನೀವೂ ಸುಮ್ಮನಿರಬೇಡಿ, ಕೇಳಿ.

ಹೊಸ ಶೆಲ್ ಬಂದು ಮೂರು ವಾರ ಆಯಿತು. ನಿನ್ನೆ ಅಮ್ಮ ಊಟ ಮಾಡುತ್ತಲೇ ನನ್ನ ಜೊತೆ ಜಗಳ ಆಡಿದಳು, ನಾನು ಮೆಲ್ಲಗೆ ಗೊಣಗಿದ್ದಕ್ಕೂ ಉತ್ತರ ಕೊಟ್ಟಳು.