ಕಡಿತ ಮಾಡುವುದಾದರೆ ದಿಲ್ಲಿಯಿಂದ ಶುರುವಾಗಲಿ

ಸರ್ಕಾರದ ಖರ್ಚು ಇಳಿಯಬೇಕು ಅಂತ ಬರೆದಾಗಲೆಲ್ಲ "ಹಾಗಾದ್ರೆ ಬಡವರ ಅಕ್ಕಿ ಕಿತ್ಕೋಬೇಕಾ?" ಅಂತ ಗೆಳೆಯರು ಕೇಳ್ತಾರೆ. ಖಂಡಿತ ಬೇಡ. ನನ್ನ ತಕರಾರು ದಿಲ್ಲಿಯ, ಅಂದರೆ ಕೇಂದ್ರ ಸರ್ಕಾರದ, ಗಾತ್ರದ ಬಗ್ಗೆ.

2025-26ರ ಕೇಂದ್ರ ಬಜೆಟ್ 50.65 ಲಕ್ಷ ಕೋಟಿ ರೂಪಾಯಿಯದು. ಬಜೆಟ್ ಪತ್ರದ ಲೆಕ್ಕದಲ್ಲೇ, ಬರುವ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲ, ಹೋಗುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿ. ಇಷ್ಟು ಸಾಲ ಹೊತ್ತ ಸರ್ಕಾರ ತನ್ನದಲ್ಲದ ಕೆಲಸಗಳನ್ನೂ ಮೈಮೇಲೆ ಎಳೆದುಕೊಳ್ಳುತ್ತಿದೆ.

ಕೇಂದ್ರಕ್ಕೂ ರಾಜ್ಯಗಳಿಗೂ ಕೆಲಸ ಹಂಚುವ ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ಕೃಷಿ, ಸಾರ್ವಜನಿಕ ಆರೋಗ್ಯ, ಸ್ಥಳೀಯ ಸಂಸ್ಥೆಗಳು, ಸಹಕಾರ ಸಂಘಗಳು ಎಲ್ಲವೂ ರಾಜ್ಯ ಪಟ್ಟಿಯಲ್ಲಿವೆ. ದಿಲ್ಲಿಯಲ್ಲಿ ಇವುಗಳಿಗೆಲ್ಲ ಒಂದೊಂದು ಸಚಿವಾಲಯ ಇದೆ. ಪಂಚಾಯತ್ ರಾಜ್ ಸಚಿವಾಲಯ 2004ರಲ್ಲಿ ಬಂತು, ಸಹಕಾರ ಸಚಿವಾಲಯ 2021ರ ಜುಲೈನಲ್ಲಿ. ಅದೇ ತಿಂಗಳು ಸುಪ್ರೀಂ ಕೋರ್ಟ್, ರಾಜ್ಯಗಳ ಅನುಮೋದನೆ ಪಡೆಯದೆ ಸಂವಿಧಾನದ 97ನೇ ತಿದ್ದುಪಡಿಯಲ್ಲಿ ರಾಜ್ಯದೊಳಗಿನ ಸಹಕಾರ ಸಂಘಗಳಿಗೆ ಹಾಕಿದ್ದ ನಿಯಮಗಳು ಊರ್ಜಿತವಲ್ಲ ಎಂದಿತು. ಎರಡು ಪಕ್ಷಗಳ ಸರ್ಕಾರಗಳೂ ಈ ಚಾಳಿ ಬೆಳೆಸಿವೆ, ಹಾಗಾಗಿ ಇದನ್ನು ಪಕ್ಷದ ಜಗಳ ಮಾಡಬೇಡಿ.

ನಮ್ಮ ದೊಡ್ಡಮ್ಮನ ಮಗಳು ಅಂಗನವಾಡಿ ಕಾರ್ಯಕರ್ತೆ. ಮಗುವಿನ ತೂಕ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾಳೆ, ಅದನ್ನೇ ದಿಲ್ಲಿಯ ಪೋಷಣ್ ಟ್ರ್ಯಾಕರ್ ಆ್ಯಪಿಗೂ ತುಂಬುತ್ತಾಳೆ. ನೆಟ್‌ವರ್ಕ್ ಸಿಗದ ದಿನ ಮೊಬೈಲ್ ಹಿಡಿದು ದಿಬ್ಬ ಹತ್ತುತ್ತಾಳೆ. "ಮಕ್ಕಳನ್ನ ನೋಡ್ಕೊಳ್ಳೋದಕ್ಕಿಂತ ಮಕ್ಕಳ ಲೆಕ್ಕ ಕೊಡೋದೇ ಜಾಸ್ತಿ ಆಗಿದೆ ಕಣೋ" ಅಂತಾಳೆ ಅಕ್ಕ. ಕೇಂದ್ರ ನಿಗದಿ ಮಾಡಿದ ಗೌರವಧನ 2018ರಲ್ಲಿ 4,500 ರೂಪಾಯಿ ಆಯಿತು, ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ಆ ವರದಿಗಳನ್ನು ಓದಲು, ಓದಿದ್ದನ್ನು ಮೇಲೆ ಕಳಿಸಲು ದಿಲ್ಲಿಯಲ್ಲಿ ಎಷ್ಟು ಮೇಜುಗಳಿರಬೇಕು!

ಹಾಗಂತ ಖಾಲಿ ಹುದ್ದೆ ತುಂಬದೆ ಬಿಡುವುದು ಉಳಿತಾಯ ಅಲ್ಲ. 2021ರ ಮಾರ್ಚ್‌ನಲ್ಲಿ ಕೇಂದ್ರದ ಸುಮಾರು 40 ಲಕ್ಷ ಮಂಜೂರಾದ ಹುದ್ದೆಗಳಲ್ಲಿ 9.79 ಲಕ್ಷ ಖಾಲಿ ಇದ್ದವು. ರೈಲು, ಅಂಚೆ ಇವೆಲ್ಲ ಕೇಂದ್ರದ್ದೇ ಕೆಲಸ, ಅಲ್ಲಿ ಜನ ಬೇಕು. ಮುಚ್ಚಬೇಕಾದದ್ದು ರಾಜ್ಯದ ಕೆಲಸಕ್ಕೆ ದಿಲ್ಲಿಯಲ್ಲಿ ಹಾಕಿರುವ ಎರಡನೇ ಕಚೇರಿಗಳನ್ನು. ಈಗ ಬಹುತೇಕ ಕೇಂದ್ರ ಪುರಸ್ಕೃತ ಯೋಜನೆಗಳಲ್ಲಿ, ಅಂದರೆ ಕೇಂದ್ರ ರೂಪಿಸಿ ರಾಜ್ಯಗಳ ಜತೆ ಖರ್ಚು ಹಂಚಿಕೊಳ್ಳುವ ಯೋಜನೆಗಳಲ್ಲಿ, ನಮ್ಮಂಥ ರಾಜ್ಯ ನೂರಕ್ಕೆ 40 ಪಾಲು ಹಾಕುತ್ತದೆ, ಹೆಸರೂ ನಿಯಮವೂ ಅಲ್ಲಿಯದು. ಆ ದುಡ್ಡು ಷರತ್ತಿಲ್ಲದೆ ರಾಜ್ಯಗಳಿಗೆ ಬರಲಿ. ತೆರಿಗೆಯ ಮೇಲೆ ಹೇರಿ ರಾಜ್ಯಗಳಿಗೆ ಪಾಲು ಕೊಡದ ಸೆಸ್, ಸರ್‌ಚಾರ್ಜುಗಳನ್ನೂ ಹಂಚಿಕೆಯ ಲೆಕ್ಕಕ್ಕೆ ಸೇರಿಸಲಿ. ಬಡ ರಾಜ್ಯಗಳಿಗೆ ಹೆಚ್ಚು ಕೊಡಲು, ತೆರಿಗೆ ಪಾಲು ಹೇಗೆ ಹಂಚಬೇಕೆಂದು ಶಿಫಾರಸು ಮಾಡುವ ಹಣಕಾಸು ಆಯೋಗ ಇದ್ದೇ ಇದೆ. ಕ್ಷೇತ್ರದ ಕಾಮಗಾರಿಗೆಂದು ಪ್ರತಿ ಸಂಸದರಿಗೆ ಸಿಗುವ ವರ್ಷಕ್ಕೆ 5 ಕೋಟಿಯ ನಿಧಿಯನ್ನಂತೂ ನಿಲ್ಲಿಸಲೇಬೇಕು. ಚರಂಡಿ, ಬಸ್ ತಂಗುದಾಣ ಕಟ್ಟಿಸುವುದು ಪಂಚಾಯಿತಿಯ ಕೆಲಸ.

"ಬೆಂಗಳೂರಿನವರು ತಿನ್ನಲ್ವಾ?" ಅಂತ ಕೇಳಬಹುದು. ತಿನ್ನುತ್ತಾರೆ. ಆದರೆ ಅವರು ನಮ್ಮ ಕೈಗೆ ಸಿಗುತ್ತಾರೆ. 2017ರ ಮಾರ್ಚ್‌ನಲ್ಲಿ ಅಂಗನವಾಡಿಯ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಕಳೆದರು, ಸರ್ಕಾರ ಮಾತುಕತೆಗೆ ಒಪ್ಪಲೇಬೇಕಾಯಿತು. ಅಕ್ಕನೂ ಅಲ್ಲಿದ್ದಳು, ಊರಿನಿಂದ ಕೆಂಪು ಬಸ್ಸು ಹತ್ತಿ ಹೋಗಿದ್ದಳು. ದಿಲ್ಲಿಗೆ ಅವಳು ಯಾವ ಬಸ್ಸು ಹತ್ತಬೇಕು?