ಬಾಲ ಸುತ್ತಿಕೊಳ್ಳದ ಹಾಗೆ ಡಿಸೀವರ್ ಕಟ್ಟಲು

ಗೋವಾದ ಮಾಂಡೋವಿ, ಜುವಾರಿ ನದಿಗಳಲ್ಲಿ ಚೊಣಕ ಮೀನು ಹಿಡಿಯಲು ‘ಲೆಫ್ಟಿಸ್ ಡಿಸೀವರ್’ (ಗಾಳಕ್ಕೆ ಗರಿ, ಕೂದಲು ಕಟ್ಟಿ ಮಾಡುವ ಹುಸಿ ಎರೆ, ಅಂದರೆ ಫ್ಲೈ) ಕಟ್ಟಿ ಅಂತ ಒಂದು ಲೇಖನದಲ್ಲಿ ಓದಿದೆ, ಅದು ಒಳ್ಳೆಯ ಸಲಹೆಯೇ. ಆದರೆ ಗರಿಗಳನ್ನು ಗಾಳದ ನಡುದಂಡಕ್ಕೆ ಕಟ್ಟಿ ಅಂತ ಅದರಲ್ಲಿದೆಯಲ್ಲ, ಅದು ತಪ್ಪು. ಹಾಗೆ ಕಟ್ಟಿದರೆ ಎಸೆಯುವಾಗ ಗರಿಗಳ ಬಾಲ ಗಾಳದ ಬಾಗಿಗೆ ಸುತ್ತಿಕೊಂಡು ಫ್ಲೈ ಗಿರಗಿರ ತಿರುಗುತ್ತದೆ. ಬಾಗು ಶುರುವಾಗುವ ಜಾಗದಲ್ಲೇ ಕಟ್ಟಬೇಕು.

1/0 ಅಳತೆಯ ಸ್ಟೇನ್‌ಲೆಸ್ ಗಾಳಕ್ಕೆ ಹುಂಜದ ಬೆನ್ನಿನ ಉದ್ದ ಗರಿ ಆರು ಸಾಕು, ಪಕ್ಕಕ್ಕೆ ಮೂರು. ಒಳಬಾಗು ಎದುರುಬದುರಾಗಿರಲಿ, ಹೊರಗೆ ತಿರುಗಿಸಿದರೆ ಬಾಲ ಕತ್ತರಿಯಂತೆ ಬಿಚ್ಚಿಕೊಳ್ಳುತ್ತದೆ. ಬುಡದ ಮೆತ್ತನೆಯ ತುಪ್ಪಳ ಕಿತ್ತುಬಿಡಿ, ಇಲ್ಲವಾದರೆ ದಾರ ಜಾರುತ್ತದೆ. ಮಿಂಚುಎಳೆ ನಾಲ್ಕೈದು, ಹೆಚ್ಚು ಬೇಡ.

ಗಾಳದ ಕಣ್ಣಿನ (ಮೀನಿನ ದಾರ ಪೋಣಿಸುವ ತೂತಿನ) ಹಿಂದಿನ ಕೂದಲ ಕೊರಳಪಟ್ಟಿ ಬರೀ ಅಲಂಕಾರವಲ್ಲ. ಅದು ಬಾಗನ್ನು ದಾಟಿ ಗರಿಯ ಬುಡವನ್ನು ಮುಚ್ಚಬೇಕು, ಬಾಲವನ್ನು ನೇರವಾಗಿ ಹಿಡಿಯುವುದೇ ಅದು. ಜಿಂಕೆ ಬಾಲದ ಕೂದಲು ಸಿಗದಿದ್ದರೆ ಆಡಿನ ಕೂದಲು ನಡೆಯುತ್ತದೆ. (ಇಲ್ಲಿನ ಕಾಡುಜಿಂಕೆಯ ಕೂದಲು ಹುಡುಕಲು ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ.) ಕೋಳಿ ಅಂಗಡಿಯ ಗರಿಯಾದರೆ ಶಾಂಪೂವಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕೊನೆಗೆ ಗಾಳದ ಕಣ್ಣಿನ ಹತ್ತಿರ ದಾರ ಸುತ್ತಿದ ತಲೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ. ಅದು ಗಾಳದ ಕಣ್ಣಿಗೆ ಇಳಿದಿದ್ದರೆ ಒಣಗುವ ಮೊದಲೇ ಸೂಜಿಯಿಂದ ತೆಗೆಯಿರಿ.